ಮಾಹಿತಿ ಸಂರಕ್ಷಣೆಯ ಮೂಲತತ್ತ್ವಗಳು

ಶಾಲೆಯ ಕಚೇರಿಯಲ್ಲಿರುವ ಪುಸ್ತಕಗಳಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದು ಯಾವುದೆಂದು ಕೇಳಿದರೆ, ಅಧ್ಯಾಪಕರಾದವರು ನಿಘಂಟನ್ನಾಗಲಿ ವಿಶ್ವಕೋಶವನ್ನಾಗಲಿ ತೋರಿಸಲಾರರು. ಪ್ರವೇಶ ದಾಖಲೆಯ ಪುಸ್ತಕವನ್ನೇ ತೋರಿಸುವರು. ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ದಿನ, ಜಾತಿ, ಮನೆಮಾತು ಇವಿಷ್ಟೂ ಅದರಲ್ಲಿ ಒಂದೇ ಸಾಲಿನಲ್ಲಿ ಅಡಗಿರುತ್ತವೆ. ಮುಂದೆ ಆ ಮಗು ಪರೀಕ್ಷೆಗೆ ಕಟ್ಟುವಾಗ, ನೌಕರಿಗೆ ಅರ್ಜಿ ಹಾಕುವಾಗ, ನೌಕರಿಯಿಂದ ನಿವೃತ್ತಿ ಹೊಂದುವಾಗಲೂ ಆ ಸಾಲೇ ಸಾಕ್ಷಿ. ಗಡಿನಾಡಿನವರಾದ ನಮಗಂತೂ ಮನೆಮಾತಿನ ಅಂಕಣವು ಇನ್ನೊಂದು ಕಾರಣದಿಂದಲೂ ಮುಖ್ಯ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನದೊಳಕ್ಕೆ ಬಂದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಶಿಕ್ಷಣ ದೊರೆಯುವ ಸೌಕರ್ಯಕ್ಕಾಗಿ ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ವಿಧಿಸುತ್ತದೆ. ನಮ್ಮ ಶಾಲೆಯಲ್ಲಿ ಅಂಥ ಮಕ್ಕಳು ಇಷ್ಟು ಮಂದಿ ಇದ್ದಾರೆಂದು ತೋರಿಸಬೇಕಾದರೆ ನಾವು ಬಿಡಿಸುವುದು ಆ ಅಂಕಣವನ್ನೇ.

ಈ ಪುಸ್ತಕವು ಬಹುಕಾಲ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಬೀಗದೊಳಗಿತ್ತು. ಈಗ ಅದರೊಳಗಿನ ವಿಷಯವೆಲ್ಲ ಗಣಕಯಂತ್ರದ ಮೂಲಕ ದೂರದ ಭಂಡಾರಕ್ಕೆ ಹೋಗಿ ಸೇರುತ್ತದೆ. ಬೀಗದ ಕೈಗೆ ಬದಲಾಗಿ ಪಾಸ್‌ವರ್ಡ್ ಎಂಬ ಗುಪ್ತಪದ ಬಂದಿದೆ. ಕಾಯುವವನ ಹೊಣೆ ಮೊದಲಿನದೇ. ಕಾಯುವ ಬಗೆಯನ್ನು ಮಾತ್ರ ಹೊಸದಾಗಿ ಕಲಿಯಬೇಕಾಗಿದೆ.

ಮಾಹಿತಿಯ ರಕ್ಷಣೆ ಎಂದೊಡನೆ ಅದನ್ನು ಗುಟ್ಟಾಗಿಡುವುದೆಂದೇ ಹೆಚ್ಚಿನವರು ತಿಳಿಯುತ್ತಾರೆ. ಇದು ಅರ್ಧಕ್ಕೂ ಕಡಿಮೆಯ ಸತ್ಯ. 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಪ್ರಕಟಿಸಿದ ಪ್ರಬಂಧವೊಂದು ಈ ಶಾಸ್ತ್ರದಲ್ಲಿ ಇಂದಿಗೂ ಆಧಾರಗ್ರಂಥದಂತಿದೆ. ಅವರು ಹೇಳುವಂತೆ ಮಾಹಿತಿಗೆ ಒದಗಬಹುದಾದ ಕೇಡು ಮೂರು ತೆರನಾದುದು: ನೋಡಬಾರದವರು ನೋಡುವುದು, ತಿದ್ದಬಾರದವರು ತಿದ್ದುವುದು, ಬೇಕಾದವರಿಗೆ ಬೇಕಾದಾಗ ದೊರೆಯದಂತಾಗುವುದು. ಇವುಗಳಿಗೆ ಎದುರಾದ ಮೂರು ಗುಣಗಳನ್ನು ಗೋಪ್ಯತೆ, ಸಮಗ್ರತೆ, ಲಭ್ಯತೆ ಎಂದು ಕರೆಯುವ ವಾಡಿಕೆಯಿದೆ.

ಇವುಗಳಲ್ಲಿ ನಾವು ಅತಿ ಕಡಿಮೆ ಗಮನ ಕೊಡುವುದು ಸಮಗ್ರತೆಗೆ. ಗಡಿಯ ಶಾಲೆಗಳಿಗೆ ಅತಿ ಹೆಚ್ಚು ನಷ್ಟವಾಗುವುದೂ ಅದರ ಲೋಪದಿಂದಲೇ ಎಂದು ನನ್ನ ಎಣಿಕೆ. ಕನ್ನಡದಲ್ಲಿ ಬರೆದ ಹೆಸರನ್ನು ಇಂಗ್ಲಿಷ್ ಅಕ್ಷರಗಳಿಗೆ ಇಳಿಸುವಾಗ ‘ರಾಮ’ನೂ ‘ರಮಾ’ಳೂ ಒಂದೇ ಆಗಿಬಿಡುತ್ತಾರೆ. ಅಲ್ಲಿಂದ ಅದು ಮತ್ತೊಂದು ರಾಜ್ಯಭಾಷೆಯ ಲಿಪಿಗೆ ಹೋದಾಗ ಹುಡುಗಿ ಹುಡುಗನಾದರೆ ಆಶ್ಚರ್ಯವಿಲ್ಲ. ಮನೆಮಾತಿನ ಅಂಕಣದಲ್ಲಿ ಯಂತ್ರವೇ ಮುಂಚಿತವಾಗಿ ಒಂದು ಭಾಷೆಯ ಹೆಸರನ್ನು ತುಂಬಿಟ್ಟಿದ್ದರೆ, ಅವಸರದಲ್ಲಿರುವ ಗುಮಾಸ್ತನು ಅದನ್ನು ಹಾಗೆಯೇ ಬಿಟ್ಟು ಮುಂದಿನ ಸಾಲಿಗೆ ಹೋಗುವುದೂ ಸಹಜ. ಇಲ್ಲಿ ಕಳ್ಳನೂ ಇಲ್ಲ, ಕನ್ನವೂ ಇಲ್ಲ. ಆದರೂ ದಾಖಲೆ ಕೆಟ್ಟಿತು. ಹತ್ತು ಮಕ್ಕಳ ಮನೆಮಾತು ಹೀಗೆ ಮಾಯವಾದರೆ ಒಂದು ಕನ್ನಡ ತರಗತಿಯ ಆಧಾರವೇ ಅಲುಗಾಡುವ ಪ್ರಸಂಗ ಬರಬಹುದು.

ಇದಕ್ಕೆ ಪರಿಹಾರವನ್ನು ನಮ್ಮ ಹಿರಿಯರೇ ಕಲಿಸಿದ್ದಾರೆ. ಪ್ರವೇಶ ಪುಸ್ತಕದಲ್ಲಿ ತಪ್ಪು ಬಿದ್ದರೆ ಅದನ್ನು ಕೆರೆದು ಅಳಿಸುವಂತಿಲ್ಲ. ಹಳೆಯ ಬರಹ ಓದಲು ಬರುವಂತೆಯೇ ಅಡ್ಡಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ದಿನಾಂಕದೊಡನೆ ರುಜು ಹಾಕಬೇಕು. ಜನ್ಮದಿನದ ತಿದ್ದುಪಡಿಗಂತೂ ಮೇಲಧಿಕಾರಿಗಳ ಆಜ್ಞೆಯೇ ಬೇಕು. ಯಾರು, ಯಾವಾಗ, ಏನನ್ನು, ಯಾವುದಕ್ಕೆ ಬದಲಿಸಿದರು ಎಂಬ ಈ ಜಾಡನ್ನೇ ಇಂದಿನ ಗಣಕ ತಜ್ಞರು ಒಳ್ಳೆಯ ವ್ಯವಸ್ಥೆಯ ಲಕ್ಷಣವೆಂದು ಹೇಳುತ್ತಾರೆ. ಯಂತ್ರಕ್ಕೆ ತುಂಬಿದ ಪ್ರತಿಯೊಂದು ಸಾಲನ್ನೂ ಮೂಲ ಪುಸ್ತಕದೊಡನೆ ಮತ್ತೊಬ್ಬರು ಕೂತು ತಾಳೆ ನೋಡುವ ಪದ್ಧತಿ ಇದಕ್ಕೆ ಸೇರಿದರೆ ಇನ್ನೂ ಒಳಿತು.

ಲಭ್ಯತೆಯ ವಿಷಯವನ್ನು ಒಂದೇ ಉದಾಹರಣೆಯಿಂದ ಮುಗಿಸಬಹುದು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಹಲವು ದೇಶಗಳ ಗಣಕಯಂತ್ರಗಳೊಳಗೆ ನುಗ್ಗಿ, ಅಲ್ಲಿನ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ 236 ಆಸ್ಪತ್ರೆ ಮಂಡಳಿಗಳಲ್ಲಿ 80ಕ್ಕೆ ಕಡಿಮೆಯಿಲ್ಲದಷ್ಟು ಇದರಿಂದ ತೊಂದರೆಗೀಡಾದುವು. ಇಲ್ಲಿನ ಕಷ್ಟವೆಂದರೆ ರೋಗಿಗಳ ಗುಟ್ಟು ಹೊರಬಿದ್ದದ್ದಲ್ಲ. ವೈದ್ಯರಿಗೇ ರೋಗಿಯ ಕಾಗದಗಳು ಸಿಕ್ಕದೆ ಹೋದದ್ದು. ಆ ದೋಷವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳು ಮೊದಲೇ ಕೊಟ್ಟಿತ್ತೆಂಬುದು ಗಮನಾರ್ಹ. ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದಾಗಿಸುವುದು, ದಾಖಲೆಗಳ ಇನ್ನೊಂದು ಪ್ರತಿಯನ್ನು ಯಂತ್ರದಿಂದ ಬೇರ್ಪಡಿಸಿ ಬೇರೆಡೆ ಇಡುವುದು, ಇವೆರಡೇ ಇದಕ್ಕೆ ಮದ್ದು.

ಇನ್ನು ಗೋಪ್ಯತೆ, ಅಂದರೆ ಬೀಗದ ಕೈ ಯಾರಲ್ಲಿರಬೇಕೆಂಬ ಪ್ರಶ್ನೆ. ಗಣಕಯಂತ್ರಕ್ಕೆ ಗುಪ್ತಪದ ಬಂದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೋ ಎಂಬವರ ನೇತೃತ್ವದಲ್ಲಿ, ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯೊಂದು 1961ರಲ್ಲಿ ಪ್ರದರ್ಶಿತವಾಯಿತು. ಒಬ್ಬರ ಕಡತವನ್ನು ಇನ್ನೊಬ್ಬರು ಮುಟ್ಟದಿರಲೆಂದು ಅದರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದವನ್ನು ಕೊಟ್ಟರು. ಸ್ವಲ್ಪವೇ ಕಾಲದಲ್ಲಿ, ತನಗೆ ಸಿಕ್ಕಿದ ಯಂತ್ರದ ಸಮಯ ಸಾಲದೆಂದು ಸಂಶೋಧನ ವಿದ್ಯಾರ್ಥಿಯೊಬ್ಬನು ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡು ಇತರರ ಹೆಸರಿನಲ್ಲಿ ಕೆಲಸ ಸಾಗಿಸಿದನು. (ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲಿಯೂ ವಿದ್ಯಾರ್ಥಿಗಳೇ!) 1966ರಲ್ಲಿ ಅದಕ್ಕಿಂತಲೂ ವಿನೋದದ ಸಂಗತಿ ನಡೆಯಿತು. ಇಬ್ಬರು ನಿರ್ವಾಹಕರಲ್ಲಿ ಒಬ್ಬರು ಆ ದಿನದ ಪ್ರಕಟಣೆಯನ್ನೂ ಮತ್ತೊಬ್ಬರು ಗುಪ್ತಪದಗಳ ಪಟ್ಟಿಯನ್ನೂ ಏಕಕಾಲದಲ್ಲಿ ತಿದ್ದುತ್ತಿದ್ದಾಗ ಎರಡು ಕಡತಗಳೂ ಅದಲುಬದಲಾದುವು. ಯಂತ್ರದ ಮುಂದೆ ಕುಳಿತವರಿಗೆಲ್ಲ ಪ್ರಕಟಣೆಯ ಸ್ಥಾನದಲ್ಲಿ ಎಲ್ಲರ ಗುಪ್ತಪದಗಳೂ ಸಾಲಾಗಿ ಕಾಣಿಸಿದುವು.

ಈ ಎರಡು ಘಟನೆಗಳಿಂದ ತಿಳಿಯುವುದೇನೆಂದರೆ, ಬೀಗದ ಕೈಗಳನ್ನೆಲ್ಲ ಒಂದೇ ಗೊಂಚಲಾಗಿ ತೂಗುಹಾಕಿದ ಮೇಲೆ ಒಂದೊಂದು ಕೋಣೆಗೂ ಬೇರೆ ಬೀಗವಿದ್ದು ಫಲವಿಲ್ಲ. ಗುಪ್ತಪದವನ್ನೇ ಬರೆದಿಡದೆ, ಅದರಿಂದ ಗಣಿತದ ಒಂದು ಕ್ರಿಯೆಯ ಮೂಲಕ ಪಡೆದ ಗುರುತನ್ನು ಮಾತ್ರ ಇಡುವ ಉಪಾಯವನ್ನು ಮುಂದೆ ಕೇಂಬ್ರಿಜಿನ ರೋಜರ್ ನೀಡ್‌ಹ್ಯಾಮ್ ಎಂಬವರು ಕಂಡುಕೊಂಡರು. ಅರಿಸಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ. ಆದರೆ ಆ ಕೆಂಪಿನಿಂದ ಅರಿಸಿನವನ್ನೂ ಸುಣ್ಣವನ್ನೂ ಬೇರೆ ಮಾಡಿಕೊಡೆಂದರೆ ಯಾರಿಂದಾದೀತು? ಈ ಕ್ರಿಯೆಯೂ ಅಂತಹದೇ. ನೀವು ಕೊಟ್ಟ ಪದದಿಂದ ಅದೇ ಗುರುತು ಹುಟ್ಟಿತೇ ಎಂದು ಯಂತ್ರ ನೋಡುತ್ತದೆಯೇ ಹೊರತು ನಿಮ್ಮ ಪದವನ್ನು ಅದು ತನ್ನಲ್ಲಿ ಇಟ್ಟುಕೊಂಡಿರುವುದಿಲ್ಲ.

ಮೇಲೆ ಹೇಳಿದ 1975ರ ಪ್ರಬಂಧದಲ್ಲಿ ಎಂಟು ತತ್ತ್ವಗಳಿವೆ. ಎಲ್ಲವೂ ನಮಗೆ ಬೇಕಿಲ್ಲ. ಅತಿ ಮುಖ್ಯವಾದುದು ಕನಿಷ್ಠ ಅಧಿಕಾರದ ತತ್ತ್ವ: ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ, ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಲ್ಲ. ಅಂಕಗಳನ್ನು ತುಂಬುವ ಅಧ್ಯಾಪಕರಿಗೆ ಮಗುವಿನ ಬ್ಯಾಂಕ್ ಲೆಕ್ಕದ ಸಂಖ್ಯೆ ಕಾಣಬೇಕಾಗಿಲ್ಲ. ವಿದ್ಯಾರ್ಥಿವೇತನದ ಕಡತ ನೋಡುವವರಿಗೆ ಅಂಕ ತಿದ್ದುವ ಅಧಿಕಾರ ಬೇಕಾಗಿಲ್ಲ. ಇದರಲ್ಲಿ ಅವಿಶ್ವಾಸದ ಮಾತೇನೂ ಇಲ್ಲ. ಮುಖ್ಯೋಪಾಧ್ಯಾಯನಿಗೂ ಇದೇ ನಿಯಮ ಅನ್ವಯಿಸುತ್ತದೆ. ಹುದ್ದೆ ದೊಡ್ಡದೆಂದು ಎಲ್ಲ ಬಾಗಿಲೂ ತೆರೆದಿರಬೇಕೆನ್ನುವುದು ಪ್ರತಿಷ್ಠೆಯ ಮಾತೇ ಹೊರತು ಕೆಲಸದ ಮಾತಲ್ಲ. ಎರಡನೆಯದು, ಅಧಿಕಾರವನ್ನು ಇಬ್ಬರಲ್ಲಿ ಹಂಚುವುದು. ಬ್ಯಾಂಕಿನ ಲಾಕರು ತೆರೆಯಲು ಬ್ಯಾಂಕಿನದೊಂದು, ನಮ್ಮದೊಂದು, ಹೀಗೆ ಎರಡು ಕೈಗಳು ಬೇಕಷ್ಟೆ. ಆ ವಿದ್ವಾಂಸರೂ ಇದೇ ಉದಾಹರಣೆಯನ್ನು ಕೊಟ್ಟಿದ್ದಾರೆ. ಈಗ ಗುಪ್ತಪದದ ಜೊತೆಗೆ ಫೋನಿಗೆ ಬರುವ ಓಟಿಪಿಯೂ ಈ ಜಾತಿಯದೇ. ಆದರೆ ಓಟಿಪಿ ಬಂದೊಡನೆ ಅದನ್ನು ಕೋಣೆಯ ಆಚೆ ಬದಿಗೆ ಗಟ್ಟಿಯಾಗಿ ಕೂಗಿ ಹೇಳುವುದಾದರೆ ಎರಡನೆಯ ಬೀಗ ಇದ್ದೂ ಇಲ್ಲದಂತೆ.

ಮೂರನೆಯದು, ರಕ್ಷಣೆಯ ಕ್ರಮವು ಮನುಷ್ಯನ ಸ್ವಭಾವಕ್ಕೆ ಒಗ್ಗುವಂತಿರಬೇಕೆಂಬುದು. ತಿಂಗಳಿಗೊಮ್ಮೆ ಗುಪ್ತಪದ ಬದಲಿಸಿರಿ, ಅದರಲ್ಲಿ ಅಂಕಿಯಿರಲಿ, ಚಿಹ್ನೆಯಿರಲಿ ಎಂದು ಒತ್ತಾಯಿಸಿದರೆ ಜನರು ಅದನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸುತ್ತಾರೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯೇ 2017ರಲ್ಲಿ ಈ ಹಳೆಯ ಸಲಹೆಯನ್ನು ಕೈಬಿಟ್ಟು, ಗುಪ್ತಪದ ಉದ್ದವಾಗಿರಲಿ, ಬಯಲಾದ ಸುಳಿವಿದ್ದರೆ ಮಾತ್ರ ಬದಲಿಸಲಿ ಎಂದಿತು. ತಮಗೆ ಮಾತ್ರ ಅರ್ಥವಾಗುವ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತುಗಳನ್ನು ಪೋಣಿಸಿದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ. ಶಾಲೆಯ ಹೆಸರಿನ ಮುಂದೆ 123 ಎಂದು ಬರೆದು ಇಡೀ ಕಚೇರಿ ಅದನ್ನೇ ಬಳಸುವ ರೂಢಿ ಮಾತ್ರ ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ. ಎಲ್ಲರಿಗೂ ಒಂದೇ ಪದವಾದರೆ, ತಪ್ಪು ನಡೆದ ದಿನ ಯಾರ ಕೈಯೆಂದು ಹೇಳುವವರಿಲ್ಲ. ನಿರಪರಾಧಿಯಾದ ಗುಮಾಸ್ತನಿಗೂ ತನ್ನನ್ನು ಸಮರ್ಥಿಸಿಕೊಳ್ಳುವ ದಾರಿಯಿರುವುದಿಲ್ಲ.

ಕಾನೂನಿನ ಕಡೆಯಿಂದಲೂ ಈ ವಿಷಯ ಗಟ್ಟಿಯಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣ ಅಧಿನಿಯಮವು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಗಣಿಸುತ್ತದೆ. ಫಲಿತಾಂಶದ ಸಂತೋಷದಲ್ಲಿ ಮಕ್ಕಳ ಹೆಸರು, ಜನ್ಮದಿನ, ಫೋನ್ ಸಂಖ್ಯೆಗಳಿರುವ ಪಟ್ಟಿಯ ಚಿತ್ರವನ್ನೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಧ್ಯಾಪಕ ಬಂಧುಗಳು ಇದನ್ನು ಲಕ್ಷ್ಯದಲ್ಲಿಡಬೇಕು. ಅಲ್ಲಿಗೆ ಹೋದ ಚಿತ್ರವನ್ನು ಎಲ್ಲರ ಫೋನಿನಿಂದಲೂ ಮರಳಿ ತರುವುದು ನಮ್ಮ ಕೈಯಲ್ಲಿಲ್ಲ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಅಧ್ಯಾಪಕರು ವರ್ಗವಾಗಿ ಹೋಗುವಾಗ ಬೀಗದ ಕೈ, ಪುಸ್ತಕ, ಪಾಠೋಪಕರಣಗಳನ್ನು ಒಪ್ಪಿಸಿ ರಶೀದಿ ಪಡೆಯುತ್ತಾರೆ. ಆ ಒಪ್ಪಿಗೆಯ ಪಟ್ಟಿಯಲ್ಲಿ ಇನ್ನೊಂದು ಸಾಲನ್ನು ಸೇರಿಸಬಹುದು: ಅವರ ಹೆಸರಿನ ಗಣಕ ಪ್ರವೇಶವನ್ನು ಅದೇ ದಿನ ಮುಚ್ಚಲಾಗಿದೆ, ಮುಚ್ಚಿದವರ ರುಜು, ದಿನಾಂಕ.