ಗಂಧದ ಶಾರದೆಯೂ ಮಲೆನಾಡಿನ ಥಂಡಿಯೂ

ಶೃಂಗೇರಿಯ ಶಾರದೆ ಮೊದಲಿಗೆ ಚಿನ್ನದವಳಲ್ಲ. ತುಂಗೆಯ ದಡದ ಬಂಡೆಯ ಮೇಲೆ ಶ್ರೀಚಕ್ರ ಬರೆದು, ಅದರ ಮೇಲೆ ಶಂಕರಾಚಾರ್ಯರು ನಿಲ್ಲಿಸಿದ್ದು ಶ್ರೀಗಂಧದ ಮೂರ್ತಿ ಎನ್ನುತ್ತದೆ ಮಠದ ಪರಂಪರೆ. ಚಿನ್ನದ ಮೂರ್ತಿ ಬಂದದ್ದು ಹದಿನಾಲ್ಕನೇ ಶತಮಾನದಲ್ಲಿ, ವಿದ್ಯಾರಣ್ಯರ ಕಾಲಕ್ಕೆ. ಆಗಲೂ ಗುಡಿ ಮರ, ಹೆಂಚುಗಳದ್ದೇ. ಈಗಿನ ಕಲ್ಲಿನ ಗುಡಿಯ ಕುಂಭಾಭಿಷೇಕ ನಡೆದದ್ದು 1916ರಲ್ಲಿ.

ಶಾರದೆ ಎಂದರೆ ವೀಣೆ ಎಂದುಕೊಂಡು ಬಂದವರು ಗರ್ಭಗುಡಿಯೆದುರು ಒಮ್ಮೆ ತಡೆದು ನೋಡಬೇಕು. ವೀಣಾಶಾರದೆ ನವರಾತ್ರಿಯ ಅಲಂಕಾರಗಳಲ್ಲಿ ಒಂದು, ಅಷ್ಟೆ. ಮೂಲಮೂರ್ತಿಯೊಡನೆ ಇರುವುದು ಜಪಮಾಲೆ, ಪುಸ್ತಕ, ಅಮೃತ ಕಲಶ, ಗಿಳಿ. ಜಪಮಾಲೆಯ ಮಣಿಗಳನ್ನು ‘ಅ’ದಿಂದ ‘ಕ್ಷ’ದವರೆಗಿನ ಅಕ್ಷರಗಳೆಂದು ಭಾವಿಸುವ ಪದ್ಧತಿಯಿದೆ. ಗಿಳಿಯನ್ನು ನಾನು ಕೇಳಿ ಕಲಿತ ವಿದ್ಯೆಯ ಗುರುತಾಗಿ ನೋಡುತ್ತೇನೆ: ಗುರು ಹೇಳಿದ್ದನ್ನು ಶಿಷ್ಯ ತಪ್ಪದೆ ತಿರುಗಿ ಹೇಳುವ ವೇದಪಾಠ ಇಂದಿಗೂ ಅದೇ ಊರಿನಲ್ಲಿ ನಡೆದಿದೆ. ಹೆಬ್ಬೆರಳು, ತೋರುಬೆರಳು ಕೂಡಿದ ಚಿನ್ಮುದ್ರೆ ಜೀವ ಬ್ರಹ್ಮಗಳ ಐಕ್ಯವನ್ನು ಸೂಚಿಸುತ್ತದೆ. ಆ ತಿಳಿವಿಗೆ ಸಾವಿಲ್ಲ ಎನ್ನುವುದಕ್ಕೆ ಪಕ್ಕದಲ್ಲೇ ಕಲಶ.

ಮೂರ್ತಿ ಯಾವುದರದ್ದು ಎಂಬುದರ ಮೇಲೆ ಪೂಜೆಯ ರೀತಿಯೂ ನಿಂತಿದೆ. ಭಾದ್ರಪದ ಅಮಾವಾಸ್ಯೆಯಂದು ಶಾರದೆಗೆ ಮಹಾಭಿಷೇಕವಾಗುತ್ತದೆ. ಲೋಹ ಅದನ್ನು ತಾಳುತ್ತದೆ, ಮರ ತಾಳದು. ಪುರಿಯ ಜಗನ್ನಾಥನದು ಬೇವಿನ ಮರದ ಮೂರ್ತಿ. ಅಲ್ಲಿ ನಿತ್ಯದ ಸ್ನಾನ ಕನ್ನಡಿಯಲ್ಲಿ ಮೂಡಿದ ಬಿಂಬಕ್ಕೆ. ಮರದ ದೇವರನ್ನಿಟ್ಟುಕೊಂಡ ಮನೆಯವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಮೂರ್ತಿಯಾದ ಮೇಲೂ ಮರ ಮರವೇ ಎಂಬುದನ್ನು ವರಾಹಮಿಹಿರ ಬಲ್ಲ. ಕಡಿಯುವ ಮೊದಲೇ ಮರದ ದಿಕ್ಕುಗಳನ್ನೂ ಬುಡ ತುದಿಯನ್ನೂ ಗುರುತು ಮಾಡಿಕೊಳ್ಳಬೇಕು, ಕಾಡಿನಲ್ಲಿ ಹೇಗೆ ನಿಂತಿತ್ತೋ ಗುಡಿಯಲ್ಲೂ ಹಾಗೆಯೇ ನಿಲ್ಲಿಸಬೇಕು ಎನ್ನುತ್ತಾನೆ ‘ಬೃಹತ್ಸಂಹಿತೆ’ಯಲ್ಲಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮರದ ಶತ್ರು ಮಳೆಗಾಲ. ತಿಂಗಳುಗಟ್ಟಲೆ ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ದೇವರ ಕೋಣೆಯಲ್ಲೂ ಬೂಷ್ಟು. ಮರ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಈ ಎಳೆದಾಟದಲ್ಲೇ ಬಿರುಕು ಹುಟ್ಟುವುದು. ‘ಬಿಸಿಲಿಗಿಟ್ಟರಾಯ್ತು’ ಎನ್ನುವವರಿಗೆ ನನ್ನದೊಂದು ವಿನಂತಿ: ದಯವಿಟ್ಟು ಇಡಬೇಡಿ. ಬೇಗ ಒಣಗಿದ ಮರವೇ ಹೆಚ್ಚು ಸೀಳುವುದು. ನೆರಳಿನಲ್ಲಿ, ಗಾಳಿಯಾಡುವಲ್ಲಿ, ಗೋಡೆಯಿಂದ ನಾಲ್ಕು ಬೆರಳು ದೂರಕ್ಕೆ ಮಣೆಯ ಮೇಲೆ ಇಟ್ಟರೆ ಸಾಕು. ದೀಪ ತೀರ ಹತ್ತಿರ ಬೇಡ.

ಹೆಚ್ಚು ಹಾನಿ ಮಾಡುವುದು ಭಕ್ತಿಯೇ. ಹೊಳಪು ಬರಲೆಂದು ಎಣ್ಣೆ ಸವರುತ್ತಾರೆ. ಅದು ಧೂಳನ್ನೂ ದೀಪದ ಮಸಿಯನ್ನೂ ಹಿಡಿದು ಅಂಟಂಟಾದ ಕಪ್ಪು ಪದರವಾಗುತ್ತದೆ, ಕಣ್ಣು ಮೂಗುಗಳ ಕೆತ್ತನೆ ಮುಚ್ಚಿಹೋಗುತ್ತದೆ. ಒದ್ದೆ ಬಟ್ಟೆಯೂ ಬೇಡ, ಒಣಗಿದ ಮೆತ್ತನೆ ಬ್ರಷ್ ಸಾಕು. ಕುಂಕುಮ, ನೀರು ಸೋರುವ ಹೂವು ಮುಂದಿನ ತಟ್ಟೆಗಿರಲಿ. ಇನ್ನು ಬಣ್ಣ. ಶಿರಸಿಯ ಮಾರಿಕಾಂಬೆಯಂಥ ಮರದ ದೇವಿಗೆ ಬಣ್ಣ ಸೇವೆಯ ಭಾಗ, ಅದು ಬೇರೆ ಮಾತು. ಮನೆಯ ಹಳೆಯ ಮೂರ್ತಿಗೆ ಎನಾಮೆಲ್ ಬಳಿದರೆ ಕೆತ್ತಿದವನ ಉಳಿಯ ಗುರುತು ಅಲ್ಲಿಗೆ ಮುಗಿಯಿತು.

ಗಂಧಕ್ಕೆ ಹುಳ ಹಿಡಿಯದೆಂಬ ನಂಬಿಕೆ ಅರ್ಧ ನಿಜ. ಎಣ್ಣೆಯಂಶವಿರುವುದು ಚೇಗಿನಲ್ಲಿ. ಹೊರಗಿನ ಬಿಳಿ ಭಾಗಕ್ಕೆ ಪರಿಮಳವೂ ಇಲ್ಲ, ಆ ರಕ್ಷಣೆಯೂ ಇಲ್ಲ. ಮಳೆಗಾಲ ಕಳೆದ ಮೇಲೆ ಮೂರ್ತಿಯನ್ನು ಎತ್ತಿ ಅಡಿಭಾಗ ನೋಡಿ. ಹಿಟ್ಟಿನಂಥ ಹೊಸ ಪುಡಿ ಉದುರಿದ್ದರೆ ಕುಟ್ಟೆ ಒಳಗೆ ಕೆಲಸ ನಡೆಸಿದೆಯೆಂದೇ ಅರ್ಥ. ಕೂಡಲೇ ಉಳಿದ ಮರದ ಸಾಮಾನಿನಿಂದ ಬೇರೆಯಿಡಿ. ಸೀಮೆಎಣ್ಣೆ, ವಾರ್ನಿಶ್ ಹಚ್ಚುವ ಮನೆಮದ್ದಿಗೆ ಕೈಹಾಕಬೇಡಿ.

ಭಿನ್ನವಾದ ಮೂರ್ತಿಯನ್ನು ತುಂಗೆಗೋ ಭದ್ರೆಗೋ ಬಿಡುವುದು ನಮ್ಮಲ್ಲಿ ರೂಢಿ. ಬೆರಳು ಮುರಿದದ್ದಕ್ಕೆ, ಬಣ್ಣ ಉದುರಿದ್ದಕ್ಕೆ ತಲೆಮಾರುಗಳ ಮೂರ್ತಿಯನ್ನು ಹೊಳೆಗೆ ಕೊಡುವ ಮುನ್ನ ಬಲ್ಲವರಿಗೊಮ್ಮೆ ತೋರಿಸಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯವಿದೆ. ಪೂಜೆಗೆ ಸಲ್ಲದು ಎಂದು ಪುರೋಹಿತರು ಹೇಳಿದರೂ, ದೇವರ ಕೋಣೆಯಿಂದ ಕೆಳಗಿಳಿಸಿದ ಮೂರ್ತಿಗೆ ಜಗಲಿಯ ಗಾಜಿನ ಕಪಾಟಿನಲ್ಲಿ ಜಾಗ ಕೊಡಬಹುದು.