ಶಾಸಕರ ಮತ ಯಾರದು?

ಗೊರವನಹಳ್ಳಿಯ ಮತದಾರ ಐದು ವರ್ಷಕ್ಕೊಮ್ಮೆ ಹಾಕುವ ಮತ ಗುಪ್ತ. ಯಾರಿಗೆ ಹಾಕಿದೆ ಎಂದು ಅವನನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ. ಆ ಮತದಿಂದ ಗೆದ್ದು ವಿಧಾನಸೌಧಕ್ಕೆ ಹೋದ ಶಾಸಕರು ಸದನದಲ್ಲಿ ಹಾಕುವ ಮತದ ಮಾತು ಬೇರೆ. ಅದು ಜನರ ಪರವಾಗಿ ಹಾಕಿದ್ದು, ಜನರಿಗೆ ತಿಳಿಯಬೇಕಾದದ್ದು. ಆದರೆ ನಮ್ಮ ಶಾಸಕರು ಯಾವ ಮಸೂದೆಗೆ ಹೌದು ಎಂದರು, ಯಾವುದಕ್ಕೆ ಇಲ್ಲ ಎಂದರು ಎಂದು ವಿಚಾರಿಸಿದರೆ ಉತ್ತರ ಹೇಳಬಲ್ಲವರು ಸಿಗುವುದು ಕಷ್ಟ. ಇದಕ್ಕೆ ಜನರ ಉದಾಸೀನವೊಂದೇ ಕಾರಣ ಎನ್ನುವಂತಿಲ್ಲ. ಬಹುತೇಕ ಸಂದರ್ಭಗಳಲ್ಲಿ ಹಾಗೊಂದು ದಾಖಲೆಯೇ ಹುಟ್ಟುವುದಿಲ್ಲ.

ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ ದೇಗುಲದಿಂದಾಗಿ ನಾಡಿಗೆಲ್ಲ ಪರಿಚಿತ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿಯ ಸೀಮೆಯಿದು. ಹತ್ತಿರದಲ್ಲೇ ತೀತಾ ಜಲಾಶಯವಿದೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳು ಮಳೆಯನ್ನೇ ನಂಬಿದವು. ಹಾಗಾಗಿ ಇಲ್ಲಿ ರಾಜಕೀಯದ ಮಾತು ಎಲ್ಲಿಂದ ಹೊರಟರೂ ನೀರಿಗೆ ಬಂದು ನಿಲ್ಲುತ್ತದೆ. ನೀರಿನ ವಿಷಯ ತೀರ್ಮಾನವಾಗುವುದು ಬೆಂಗಳೂರಿನಲ್ಲಿ. ಅಲ್ಲಿ ತಮ್ಮ ಪ್ರತಿನಿಧಿ ಏನು ಮಾಡಿದರು ಎಂಬುದನ್ನು ಅಳೆಯುವ ಬಗೆ ಯಾವುದು?

ಮಾತಿತ್ತು, ಮತವಿರಲಿಲ್ಲ

ಮೈಸೂರು ಸೀಮೆಯಲ್ಲಿ ಪ್ರತಿನಿಧಿ ಎಂಬ ಕಲ್ಪನೆಗೆ ಒಂದೂವರೆ ಶತಮಾನದಷ್ಟು ಹಳೆಯ ಚರಿತ್ರೆಯಿದೆ. ದಿವಾನ್ ಸಿ.ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿದ್ದು 1881ರ ಅಕ್ಟೋಬರ್ 7ರಂದು. 144 ಮಂದಿ ಪ್ರತಿನಿಧಿಗಳಿದ್ದ ಆ ಸಭೆಯಲ್ಲಿ ತಾಲ್ಲೂಕುಗಳ ಭೂಹಿಡುವಳಿದಾರರೂ ವರ್ತಕರೂ ಇದ್ದರು. ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಸಭೆಯ ಮುಂದೆ ದಿವಾನರು ಆಡಳಿತದ ವರದಿ ಓದುತ್ತಿದ್ದರು. ಪ್ರತಿನಿಧಿಗಳು ಎದ್ದು ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳುತ್ತಿದ್ದರು.

ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ಸದಸ್ಯರ ಮತದಿಂದ ಸರ್ಕಾರ ಬೀಳುವ ಪ್ರಶ್ನೆಯೂ ಇರಲಿಲ್ಲ. ಅವರಿಗಿದ್ದ ಆಯುಧವೆಂದರೆ ಮಾತು. 1891ರಲ್ಲಿ ಸಭೆಗೆ ಚುನಾವಣೆ ಬಂತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ಸ್ವಾತಂತ್ರ್ಯಾನಂತರ, ಸಂವಿಧಾನದ ಅಡಿಯಲ್ಲಿ, ವಯಸ್ಕ ಮತದಾನದಿಂದ ಆಯ್ಕೆಯಾದ ವಿಧಾನಸಭೆ ಬಂತು. ಮಾತಿನ ಜೊತೆಗೆ ಮತವೂ ಪ್ರತಿನಿಧಿಯ ಕೈಗೆ ಬಂತು. ಆ ಮತ ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡಬೇಕು.

ಧ್ವನಿಮತದ ಸದ್ದು

ಸದನದಲ್ಲಿ ಮಸೂದೆಯೊಂದು ಚರ್ಚೆ ಮುಗಿದು ಮತಕ್ಕೆ ಬಂದಾಗ ಸಭಾಧ್ಯಕ್ಷರು, ಪರವಾಗಿರುವವರು 'ಹೌದು' ಎನ್ನಿ, ವಿರೋಧವಿರುವವರು 'ಇಲ್ಲ' ಎನ್ನಿ ಎಂದು ಕೇಳುತ್ತಾರೆ. ಯಾವ ಕಡೆಯ ದನಿ ದೊಡ್ಡದು ಎಂದು ಅವರಿಗೆ ತೋರುತ್ತದೋ ಅದೇ ಸದನದ ತೀರ್ಮಾನ. ಇದು ಧ್ವನಿಮತ. ಬಹುಪಾಲು ಮಸೂದೆಗಳು ಅಂಗೀಕಾರವಾಗುವುದು ಹೀಗೆಯೇ. ಮಸೂದೆ ಅಂಗೀಕಾರವಾಯಿತು ಎಂಬುದು ಕಲಾಪದ ದಾಖಲೆಗೆ ಸೇರುತ್ತದೆ. ಯಾರು ಏನೆಂದರು ಎಂಬುದು ಆ ಸದ್ದಿನಲ್ಲೇ ಕರಗಿಹೋಗುತ್ತದೆ.

ಸದಸ್ಯರು ಒಪ್ಪದೆ ಪಟ್ಟುಹಿಡಿದರೆ ಮತವಿಭಜನೆಗೆ ಹೋಗಬೇಕು. ಆಗ ಸದಸ್ಯರನ್ನು ಎದ್ದು ನಿಲ್ಲಿಸಿ ಸಾಲು ಸಾಲಾಗಿ ಎಣಿಸಲಾಗುತ್ತದೆ. ಸರ್ಕಾರದ ಅಳಿವು ಉಳಿವಿನ ಪ್ರಶ್ನೆ ಬಂದಾಗ ಈ ಎಣಿಕೆಗೆ ಎಷ್ಟು ಬೆಲೆ ಎಂಬುದು 2010ರ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಅಕ್ಟೋಬರ್ 11ರಂದು ಗದ್ದಲದ ನಡುವೆ ಬಿ.ಎಸ್.ಯಡಿಯೂರಪ್ಪ ಅವರ ಸರ್ಕಾರ ಧ್ವನಿಮತದಿಂದ ವಿಶ್ವಾಸಮತ ಗೆದ್ದಿತೆಂದು ಘೋಷಣೆಯಾಯಿತು. ಅದು ವಿವಾದಕ್ಕೀಡಾಗಿ, ಮೂರೇ ದಿನಗಳಲ್ಲಿ, ಅಕ್ಟೋಬರ್ 14ರಂದು ಮತ್ತೆ ಮತಕ್ಕೆ ಹಾಕಬೇಕಾಯಿತು. ಈ ಸಲ ತಲೆ ಎಣಿಸಲಾಯಿತು: ಪರ 106, ವಿರುದ್ಧ 100. 2019ರ ಜುಲೈ 23ರಂದು ಎಚ್.ಡಿ.ಕುಮಾರಸ್ವಾಮಿ ಅವರ ಸಮ್ಮಿಶ್ರ ಸರ್ಕಾರ ಬಿದ್ದದ್ದೂ ಎಣಿಕೆಯಿಂದಲೇ: ಪರ 99, ವಿರುದ್ಧ 105.

ವಿಪ್ ಎಂಬ ಅಂಕುಶ

ಎಲ್ಲ ಮಸೂದೆಗಳಿಗೂ ತಲೆ ಎಣಿಸಿದರೆ ಶಾಸಕರ ಮನಸ್ಸು ತಿಳಿಯುತ್ತದೆಯೇ ಎಂದರೆ, ಅದೂ ಇಲ್ಲ. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಹತ್ತನೇ ಅನುಸೂಚಿ ಬಂತು. ಜನ ಅದನ್ನು ಪಕ್ಷಾಂತರ ನಿಷೇಧ ಕಾಯ್ದೆ ಎಂದು ಕರೆಯುತ್ತಾರೆ. ಅದರ ಪ್ರಕಾರ ಪಕ್ಷದ ನಿರ್ದೇಶನ, ಅಂದರೆ ವಿಪ್, ಮೀರಿ ಮತ ಹಾಕಿದರೆ ಅಥವಾ ಮತ ಹಾಕದೆ ಉಳಿದರೆ ಶಾಸಕ ಸ್ಥಾನವೇ ಹೋಗಬಹುದು. ಹದಿನೈದು ದಿನಗಳೊಳಗೆ ಪಕ್ಷ ಕ್ಷಮಿಸಿದರೆ ಮಾತ್ರ ವಿನಾಯಿತಿ.

ಬೆಳಿಗ್ಗೆ ಒಂದು ಪಕ್ಷ, ಸಂಜೆ ಮತ್ತೊಂದು ಪಕ್ಷ ಎಂಬ ಪಿಡುಗು ತಡೆಯಲು ಬಂದ ಕಾಯ್ದೆಯಿದು. ಸುಪ್ರೀಂ ಕೋರ್ಟ್ 1992ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಜೊತೆಗೇ, ಸರ್ಕಾರದ ಉಳಿವು ಮತ್ತು ಪಕ್ಷದ ಮುಖ್ಯ ನೀತಿಗೆ ಸಂಬಂಧಿಸಿದ ಮತದಾನಕ್ಕಷ್ಟೇ ಸ್ಥಾನ ಕಳೆದುಕೊಳ್ಳುವ ಭಯ ಅನ್ವಯಿಸಬೇಕು ಎಂಬ ವಿವೇಕದ ಮಾತನ್ನೂ ಹೇಳಿತು. 2003ರ 91ನೇ ತಿದ್ದುಪಡಿಯಿಂದ, ಮೂರನೇ ಒಂದರಷ್ಟು ಶಾಸಕರು ಒಟ್ಟಾಗಿ ಒಡೆದು ಹೋಗುವ ದಾರಿಯೂ ಮುಚ್ಚಿತು.

ಒಂದು ಬಾಗಿಲು ಮುಚ್ಚಿದರೆ ಕಿಂಡಿ ಹುಡುಕುವುದು ರಾಜಕೀಯದ ಸ್ವಭಾವ. ರಾಜೀನಾಮೆ ಕೊಟ್ಟು, ಮತ್ತೆ ಚುನಾವಣೆಗೆ ಹೋಗುವ ಉಪಾಯ 2008ರಲ್ಲಿ 'ಆಪರೇಷನ್ ಕಮಲ' ಎಂಬ ಹೆಸರು ಪಡೆಯಿತು. ಗೊರವನಹಳ್ಳಿಗೆ ದೂರವೇನಲ್ಲದ ಮಧುಗಿರಿ ಕ್ಷೇತ್ರವೇ ಅದಕ್ಕೆ ಸಾಕ್ಷಿ. 2008ರ ಮೇ ತಿಂಗಳಲ್ಲಿ ಅಲ್ಲಿಂದ ಆಯ್ಕೆಯಾಗಿದ್ದ ಜೆಡಿಎಸ್‌ನ ಡಿ.ಸಿ.ಗೌರಿಶಂಕರ್ ರಾಜೀನಾಮೆ ಕೊಟ್ಟರು. ಅದೇ ಡಿಸೆಂಬರ್‌ನಲ್ಲಿ ಉಪಚುನಾವಣೆ ನಡೆದು ಜೆಡಿಎಸ್‌ನ ಅನಿತಾ ಕುಮಾರಸ್ವಾಮಿ ಗೆದ್ದರು. ಒಂದೇ ವರ್ಷದಲ್ಲಿ ಮಧುಗಿರಿಯ ಜನ ಎರಡು ಬಾರಿ ಮತಗಟ್ಟೆಗೆ ಹೋಗಬೇಕಾಯಿತು.

ಹೀಗಾಗಿ ಸದನದಲ್ಲಿ ಶಾಸಕರು ಎತ್ತುವ ಕೈ ಅವರದಾದರೂ ಅದನ್ನು ಎತ್ತಿಸುವುದು ಪಕ್ಷ. ಮತದಾನದ ಪಟ್ಟಿಯನ್ನು ಓದಿದರೆ ಪಕ್ಷದ ನಿಲುವು ತಿಳಿದೀತು. ಕ್ಷೇತ್ರದ ಪ್ರತಿನಿಧಿಯ ನಿಲುವು ತಿಳಿಯಲು ಬೇರೆ ಕಡೆ ಹುಡುಕಬೇಕು.

ಕೇಳುವವರು, ಉತ್ತರಿಸುವವರು

ಹಾಗೆ ಹುಡುಕಬಹುದಾದ ಮೊದಲ ಜಾಗ ಪ್ರಶ್ನೋತ್ತರ ಕಲಾಪ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರ ಹೇಳಬೇಕು. ಉಪಪ್ರಶ್ನೆ ಕೇಳಲು ಅವಕಾಶವುಂಟು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಇವಲ್ಲದೆ ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ, ನಿಲುವಳಿ ಸೂಚನೆ, ಖಾಸಗಿ ಮಸೂದೆ ಇವೆ. ಇವುಗಳಲ್ಲಿ ಹೆಚ್ಚಿನವು ಶಾಸಕರು ಸ್ವಂತ ಆಸಕ್ತಿಯಿಂದ ಮಾಡುವ ಕೆಲಸ. ಪ್ರಶ್ನೆಯ ಕೆಳಗೆ ಕೇಳಿದವರ ಹೆಸರಿರುತ್ತದೆ.

ಆದರೆ ತಮ್ಮ ಶಾಸಕರೇ ಮಂತ್ರಿಯಾದರೆ? ಕೊರಟಗೆರೆಯ ಇತ್ತೀಚಿನ ಚರಿತ್ರೆ ಈ ಪ್ರಶ್ನೆಗೆ ಒಳ್ಳೆಯ ಪಾಠ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಡಾ.ಜಿ.ಪರಮೇಶ್ವರ 1989, 1999 ಮತ್ತು 2004ರಲ್ಲಿ ಮಧುಗಿರಿಯಿಂದ ವಿಧಾನಸಭೆಗೆ ಆಯ್ಕೆಯಾದವರು. ಕ್ಷೇತ್ರಗಳ ಮರುವಿಂಗಡಣೆಯ ನಂತರ ಮೀಸಲಾತಿ ಮಧುಗಿರಿಯಿಂದ ಕೊರಟಗೆರೆಗೆ ಬಂತು, ಅವರೂ ಬಂದರು. 2008ರಲ್ಲಿ ಗೆದ್ದರು. 2013ರಲ್ಲಿ ಅವರೇ ರಾಜ್ಯ ಕಾಂಗ್ರೆಸ್ ಅಧ್ಯಕ್ಷರು. ಪಕ್ಷ 122 ಸ್ಥಾನ ಗೆದ್ದು ಅಧಿಕಾರ ಹಿಡಿಯಿತು, ಅಧ್ಯಕ್ಷರು ಮಾತ್ರ ಜೆಡಿಎಸ್‌ನ ಪಿ.ಆರ್.ಸುಧಾಕರಲಾಲ್ ಅವರಿಗೆ 18 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ರಾಜ್ಯದ ನಾಯಕರೆಂಬ ಹಿರಿಮೆಯೊಂದೇ ಕ್ಷೇತ್ರದಲ್ಲಿ ಸಾಲದು ಎಂಬುದನ್ನು ಆ ಫಲಿತಾಂಶ ತೋರಿಸಿತು. ಬಳಿಕ ಮೇಲ್ಮನೆಗೆ ಬಂದು 2015ರಿಂದ 2017ರವರೆಗೆ ಗೃಹ ಸಚಿವರಾದರು. 2018ರಲ್ಲಿ ಕೊರಟಗೆರೆಯನ್ನು ಮರಳಿ ಗೆದ್ದು ಉಪಮುಖ್ಯಮಂತ್ರಿಯಾದರು. 2023ರಲ್ಲಿ ಮತ್ತೆ ಗೆದ್ದು ಗೃಹ ಸಚಿವರೂ ತುಮಕೂರು ಜಿಲ್ಲಾ ಉಸ್ತುವಾರಿ ಸಚಿವರೂ ಆದರು.

ಅಂದರೆ 2013ರಿಂದ 2018ರವರೆಗೆ ಕೊರಟಗೆರೆಗೆ ವಿಧಾನಸಭೆಯಲ್ಲಿ ಇದ್ದದ್ದು ವಿರೋಧ ಪಕ್ಷದಲ್ಲಿ ಕುಳಿತು ಪ್ರಶ್ನೆ ಕೇಳಬಲ್ಲ ಶಾಸಕರು. ಆಮೇಲೆ, ಪರಮೇಶ್ವರ ಸಚಿವರಾಗಿದ್ದ ಅವಧಿಗಳಲ್ಲಿ, ದೊರೆತದ್ದು ಸರ್ಕಾರದ ಪರವಾಗಿ ಉತ್ತರ ಹೇಳುವ ಶಾಸಕರು. ಮಂತ್ರಿ ಪ್ರಶ್ನೆ ಕೇಳುವಂತಿಲ್ಲ. ಕಡತ ನಡೆಸುವ ಶಕ್ತಿ ಅವರಿಗಿದೆ, ಅಧಿಕಾರಿಗಳನ್ನು ಕರೆಸಿ ಕೆಲಸ ಹೇಳಬಹುದು. ಆದರೆ ಸಂಪುಟದಲ್ಲಿ ಕ್ಷೇತ್ರದ ಪರವಾಗಿ ಎಷ್ಟು ವಾದಿಸಿದರು ಎಂಬುದು ಹೊರಗೆ ಬರುವುದಿಲ್ಲ. ಮಂತ್ರಿಗಳು ಅಧಿಕಾರದ ಪ್ರಮಾಣದ ಜೊತೆಗೆ ಗೌಪ್ಯತೆಯ ಪ್ರಮಾಣವನ್ನೂ ಸ್ವೀಕರಿಸಿರುತ್ತಾರೆ. ಸಂಪುಟದ ತೀರ್ಮಾನಕ್ಕೆ ಎಲ್ಲರೂ ಒಟ್ಟಾಗಿ ಹೊಣೆ.

ಬಹಿರಂಗ ಮಾತಿನ ಬೆಲೆ

ಉಳಿದದ್ದು ಬಹಿರಂಗ ನಿಲುವು. ವೇದಿಕೆಯಲ್ಲಿ, ಪತ್ರಕರ್ತರೆದುರು ಆಡಿದ ಮಾತು. 2023ರ ಚುನಾವಣೆಗೆ ಕಾಂಗ್ರೆಸ್ ಪ್ರಣಾಳಿಕೆ ಸಮಿತಿಯ ಅಧ್ಯಕ್ಷರಾಗಿದ್ದವರು ಪರಮೇಶ್ವರ ಅವರೇ. ಆ ಪ್ರಣಾಳಿಕೆಯನ್ನು ಅವರ ಲಿಖಿತ ನಿಲುವು ಎಂದೇ ಓದಬಹುದು; ಕೊಟ್ಟ ಮಾತನ್ನು ನಡೆದ ಕೆಲಸದ ಜೊತೆ ಇಟ್ಟು ನೋಡಬಹುದು. ಬಾಯಿಮಾತಿಗೂ ಲೆಕ್ಕ ಕೊಡಬೇಕಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಲೈಂಗಿಕ ಕಿರುಕುಳ ಪ್ರಕರಣವೊಂದರ ಬಗ್ಗೆ, ದೊಡ್ಡ ನಗರದಲ್ಲಿ ಇಂಥವು ನಡೆಯುತ್ತವೆ ಎಂಬ ಅರ್ಥದ ಅವರ ಮಾತು ತೀವ್ರ ಟೀಕೆಗೆ ಗುರಿಯಾಯಿತು. ಅವರು ವಿಷಾದ ವ್ಯಕ್ತಪಡಿಸಿದರು.

ಪಕ್ಷಕ್ಕೆ ಒಗ್ಗದ ಮಾತಿಗೆ ತೆರಬೇಕಾದ ಬೆಲೆ ಇನ್ನೂ ದೊಡ್ಡದು. ಪಕ್ಕದ ಮಧುಗಿರಿಯ ಶಾಸಕ, ಸಹಕಾರ ಸಚಿವರಾಗಿದ್ದ ಕೆ.ಎನ್.ರಾಜಣ್ಣ ನೇರ ಮಾತಿಗೆ ಹೆಸರಾದವರು. ಮತದಾರರ ಪಟ್ಟಿಯ ಲೋಪಗಳ ಬಗ್ಗೆ ಪಕ್ಷದ ವರಿಷ್ಠರಿಗೆ ಹಿಡಿಸದ ಹೇಳಿಕೆ ಕೊಟ್ಟ ಬೆನ್ನಲ್ಲೇ, 2025ರ ಆಗಸ್ಟ್ 11ರಂದು ಅವರನ್ನು ಸಂಪುಟದಿಂದ ಕೈಬಿಡಲಾಯಿತು. ಸದನದಲ್ಲಿ ವಿಪ್ ಇದ್ದಂತೆ ಸದನದ ಹೊರಗೂ ಕಣ್ಣಿಗೆ ಕಾಣದ ವಿಪ್ ಇದೆ ಎಂಬುದಕ್ಕೆ ಇದು ಉದಾಹರಣೆ.

ಬೈರಗೊಂಡ್ಲು ಪರೀಕ್ಷೆ

ಮತ, ಪ್ರಶ್ನೆ, ಮಾತು ಈ ಮೂರರ ಮಿತಿಯೂ ಒಟ್ಟಿಗೆ ಕಾಣುವುದು ಎತ್ತಿನಹೊಳೆ ಯೋಜನೆಯಲ್ಲಿ. ಸಕಲೇಶಪುರ ಭಾಗದ ಹಳ್ಳಗಳ 24 ಟಿಎಂಸಿ ಅಡಿ ನೀರನ್ನು ಪೂರ್ವದ ಬರಗಾಲದ ಜಿಲ್ಲೆಗಳಿಗೆ ಹರಿಸುವ ಯೋಜನೆಯಿದು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ನೀರು ಸಂಗ್ರಹಿಸಲು ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಬಳಿ ಜಲಾಶಯ ಕಟ್ಟುವ ಯೋಚನೆಯಿತ್ತು. ಮುಳುಗಡೆಯಾಗುವ ಭೂಮಿ ಕೊರಟಗೆರೆಯಲ್ಲೂ ಇತ್ತು, ನೆರೆಯ ದೊಡ್ಡಬಳ್ಳಾಪುರದಲ್ಲೂ ಇತ್ತು. ಬೆಂಗಳೂರಿಗೆ ಹತ್ತಿರವಾದ ದೊಡ್ಡಬಳ್ಳಾಪುರದಲ್ಲಿ ಭೂಮಿಯ ದರ ಹೆಚ್ಚು, ಕೊರಟಗೆರೆಯಲ್ಲಿ ಕಡಿಮೆ. ಒಂದೇ ನೀರಿನಲ್ಲಿ ಮುಳುಗುವ ಹೊಲಗಳಿಗೆ ಎರಡು ಬಗೆಯ ಪರಿಹಾರವೇಕೆ ಎಂದು ಕೊರಟಗೆರೆಯ ರೈತರು ಕೇಳಿದರು. ಊರು, ಹೊಲ, ಮನೆ ಬಿಡುವ ಸಂಕಟ ತಾಲ್ಲೂಕಿನ ಗಡಿ ನೋಡಿ ಬರುವುದಿಲ್ಲ ಎಂಬ ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ.

ಈ ವಿಷಯವನ್ನು ಯಾವ ಶಾಸಕರೂ ಒಂದು ಮತದಿಂದ ತೀರ್ಮಾನಿಸಲಾರರು. ಪರಿಹಾರದ ದರ ನಿಗದಿಯಾಗುವುದು ಕಾಯ್ದೆ, ಮಾರ್ಗಸೂಚಿ ಬೆಲೆ ಮತ್ತು ಸಂಪುಟದ ತೀರ್ಮಾನಗಳಿಂದ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ವರ್ಷಕ್ಕೆ 2 ಕೋಟಿ ರೂಪಾಯಿ ಸಮುದಾಯ ಭವನ, ಶಾಲಾ ಕೊಠಡಿ, ರಸ್ತೆಗೆ ಆದೀತು. ಇಂಥ ಪ್ರಶ್ನೆಯ ಮುಂದೆ ಅದು ಏನೇನೂ ಅಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಪಟ್ಟುಬಿಡದೆ ಕೇಳುವುದು, ಬರೆಯುವುದು, ಸಭೆ ಕರೆಯುವುದು, ಸಚಿವರಾಗಿದ್ದರೆ ಸಂಪುಟದಲ್ಲಿ ವಾದಿಸುವುದು. 1881ರ ಪ್ರತಿನಿಧಿ ಮಾಡುತ್ತಿದ್ದ ಕೆಲಸವೂ ಬಹುಮಟ್ಟಿಗೆ ಇದೇ.

ತೆರೆದಿಟ್ಟ ಪುಸ್ತಕ

ಆ ಕೆಲಸಕ್ಕೆ ಸದನ ಸೇರಬೇಕು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಅದು ಪಾಲನೆಯಾದದ್ದಕ್ಕಿಂತ ಮರೆತುಹೋದದ್ದೇ ಹೆಚ್ಚು. ಸದನ ಸೇರಿದ ದಿನಗಳ ಮಾತುಕತೆಯಾದರೋ ಅಕ್ಷರಶಃ ದಾಖಲಾಗುತ್ತದೆ. ಕಲಾಪದ ವರದಿಗಳೂ ಪ್ರಶ್ನೋತ್ತರಗಳೂ ಸಾರ್ವಜನಿಕರಿಗೆ ಲಭ್ಯ. ನಿಧಿ ಎಲ್ಲಿ ಖರ್ಚಾಯಿತು ಎಂಬುದನ್ನು ಮಾಹಿತಿ ಹಕ್ಕಿನಡಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಬಹುದು.

ಜಾತ್ರೆ, ಮದುವೆ, ಸಾವಿಗೆ ಶಾಸಕರು ಬಂದರೇ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಅದು ತಪ್ಪಲ್ಲ; ಕಷ್ಟಸುಖಕ್ಕೆ ಬಾರದವರು ಪ್ರತಿನಿಧಿ ಹೇಗಾದಾರು? ಅದರ ಜೊತೆಗೆ, ಕಳೆದ ಅಧಿವೇಶನದಲ್ಲಿ ನಮ್ಮ ನೀರಿನ ಬಗ್ಗೆ ಏನು ಹೇಳಿದಿರಿ ಎಂದು ಒಬ್ಬಿಬ್ಬರಾದರೂ ಕೇಳುವಂತಾದರೆ, ಮುಂದಿನ ಅಧಿವೇಶನಕ್ಕೆ ಶಾಸಕರು ಹೋಗುವ ರೀತಿಯೇ ಬೇರೆಯಾದೀತು.