ಎಡಗಾಲಿಗೊಂದು ಅಟ್ಟೆ, ಬಲಗಾಲಿಗೆ ಇನ್ನೊಂದು!

ಎರಡೂ ಶೂಗಳನ್ನು ಬೋರಲು ಹಾಕಿ ನೋಡಿದೆ. ಎಡಗಾಲಿನ ಅಟ್ಟೆ ನುಣುಪು ಚರ್ಮ, ಬಲಗಾಲಿನದು ಒರಟು ರಬ್ಬರು. ಒಂದು ಜಾರುವುದಕ್ಕೆ, ಇನ್ನೊಂದು ನೆಲವನ್ನು ಕಚ್ಚಿ ಹಿಡಿಯುವುದಕ್ಕೆ, ಅದೂ ಒಂದೇ ಜೊತೆಯಲ್ಲಿ! ಬನ್ನೇರುಘಟ್ಟ ರಸ್ತೆಯ ಮಾಲೊಂದರ ಬೌಲಿಂಗ್ ಅಂಗಳದಲ್ಲಿ, ಪಕ್ಕದ ಲೇನಿನಲ್ಲಿ ಅಭ್ಯಾಸ ಮಾಡುತ್ತಿದ್ದ ಹುಡುಗ ತನ್ನ ಸ್ವಂತ ಶೂ ಬಿಚ್ಚಿ ತೋರಿಸಿದಾಗ ಬೆರಗಾಗಿ ಕೂತುಬಿಟ್ಟೆ. ಜಯನಗರದಿಂದ ಮಕ್ಕಳನ್ನು ಕರೆದುಕೊಂಡು ಎಷ್ಟು ಸಲ ಇಲ್ಲಿಗೆ ಬಂದಿದ್ದೇನೆ! ಇಷ್ಟು ದೊಡ್ಡ ಗುಟ್ಟು ಕಾಲಡಿಯಲ್ಲೇ ಇತ್ತು.

"ಬಲಗೈಲಿ ಎಸೆಯೋರು ಕೊನೇ ಹೆಜ್ಜೇಲಿ ಎಡಗಾಲು ಜಾರಿಸ್ತಾರೆ ಸರ್. ಅದು ಗಕ್ಕಂತ ನಿಂತ್ರೆ ಮಂಡಿಗೇ ಪೆಟ್ಟು" ಎಂದ. ಎಡಗೈಯವರಿಗೆ ಇದೆಲ್ಲ ಅದಲುಬದಲು. ಬಾಡಿಗೆ ಶೂ ಯಾರಿಗಾದರೂ ಒಗ್ಗಬೇಕಲ್ಲ, ಹಾಗಾಗಿ ಅದರ ಎರಡು ಅಟ್ಟೆಯೂ ಜಾರುವಂಥದ್ದೇ. ಹೊಸಬರಿಗೆ ಅಷ್ಟು ಸಾಕು. ಆಟದ ಹುಚ್ಚು ಹತ್ತಿದ ಮೇಲೆ ಮೊದಲು ಕೊಳ್ಳಬೇಕಾದದ್ದು ಮಾತ್ರ ಚೆಂಡಲ್ಲ, ಶೂ ಎಂದೇ ಹೇಳುತ್ತೇನೆ. ಅಟ್ಟೆಗೆ ಒಂದು ಹನಿ ನೀರು ತಾಗಿದರೂ ಜಾರಬೇಕಾದ ಕಾಲು ಅಂಟಿಕೊಳ್ಳುತ್ತದೆ, ಜೋಪಾನ.

ಇನ್ನು ಚೆಂಡು! 60 ಅಡಿ ದೂರದಲ್ಲಿ 10 ಪಿನ್‌ಗಳು. ಬಲಗೈ ಆಟಗಾರ ಒಂದೇ ಎಸೆತಕ್ಕೆ ಹತ್ತನ್ನೂ ಉರುಳಿಸುವ ಅಚ್ಚುಕಟ್ಟಾದ ಸ್ಟ್ರೈಕ್‌ನಲ್ಲಿ ಚೆಂಡು ಮುಟ್ಟುವುದು ಎಷ್ಟು ಪಿನ್‌ಗಳನ್ನು ಗೊತ್ತೇ? ನಾಲ್ಕೇ ನಾಲ್ಕು! 1, 3, 5 ಮತ್ತು 9ನೆಯದು. ಮಿಕ್ಕ ಆರನ್ನು ಪಿನ್‌ಗಳೇ ಒಂದಕ್ಕೊಂದು ಬಡಿದು ಉರುಳಿಸುತ್ತವೆ. ತೂಕದ ಮಹಿಮೆ ಆಗ ಅರ್ಥವಾಯಿತು. ತೀರಾ ಹಗುರ ಚೆಂಡು ಮೊದಲ ಪಿನ್ನಿಗೇ ದಿಕ್ಕು ತಪ್ಪುತ್ತದೆ. ತೀರಾ ಭಾರದ್ದು ನಮ್ಮ ಭುಜವನ್ನೇ ಎಳೆದುಹಾಕುತ್ತದೆ. ಚೆಂಡಿನ ಮೇಲೆ ಬರೆದ ಅಂಕಿ ಪೌಂಡಿನ ಲೆಕ್ಕ. ಗರಿಷ್ಠ 16, ಅಂದರೆ ಸುಮಾರು 7.26 ಕಿಲೋ. ಮೈತೂಕದ ಹತ್ತರಲ್ಲೊಂದು ಪಾಲು ಎಂಬುದು ಆಟಗಾರರ ರೂಢಿಯ ಲೆಕ್ಕ. 60 ಕಿಲೋ ತೂಗುವವರಿಗೆ ಸುಮಾರು 13 ಪೌಂಡ್. ಹೊಸಬರು ಅದಕ್ಕಿಂತ ಒಂದೆರಡು ಪೌಂಡ್ ಕಡಿಮೆಯಿಂದ ಶುರುಮಾಡುವುದು ಒಳ್ಳೆಯದು.

ಚೆಂಡು ಹಿಡಿಯುವುದು ಹೀಗೆ: ಹೆಬ್ಬೆರಳು ಪೂರ್ತಿ ಒಳಗೆ, ನಡುಬೆರಳು ಮತ್ತು ಉಂಗುರಬೆರಳು ಎರಡನೆಯ ಗಿಣ್ಣಿನವರೆಗೆ. ಅಂಗೈ ಮತ್ತು ಚೆಂಡಿನ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಜಾಗ ಉಳಿಯಬೇಕು. ಬಿಡುವಾಗ ಹೆಬ್ಬೆರಳು ತಾನಾಗಿ ಹೊರಬರಬೇಕು. ಪಳಗಿದವರು ತುದಿಬೆರಳ ಹಿಡಿತಕ್ಕೆ, ಅಂದರೆ ಮೊದಲ ಗಿಣ್ಣಿಗೆ ಬರುತ್ತಾರೆ. ಅವರ ಚೆಂಡು ತೂತಿಲ್ಲದೆ ಬರುತ್ತದೆ! ಬಳೆಗಾರ ಕೈ ಹಿಡಿದು ಅಳತೆ ನೋಡಿದ ಹಾಗೆ ಬೆರಳುಗಳನ್ನು ಅಳೆದು ಆಮೇಲೆ ತೂತು ಕೊರೆಯುತ್ತಾರೆ.

ಅದಕ್ಕಿಂತ ದೊಡ್ಡ ಅಚ್ಚರಿ ಎಣ್ಣೆ. ಲೇನಿನ ಮೊದಲ 40 ಅಡಿಯಷ್ಟಕ್ಕೆ ತೆಳುವಾಗಿ ಎಣ್ಣೆ ಬಳಿದಿರುತ್ತಾರೆ, ಕಣ್ಣಿಗೆ ಬರೀ ಹೊಳಪು! ಅಂಗಳದಲ್ಲಿ ಸಿಗುವ ಪಾಲಿಯೆಸ್ಟರ್ ಚೆಂಡು ಹೆಚ್ಚುಕಡಿಮೆ ನೇರವಾಗಿ ಓಡುತ್ತದೆ. 1990ರ ದಶಕದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಚೆಂಡಿನ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ಅದು ಎಣ್ಣೆಯ ಮೇಲೆ ಜಾರಿಕೊಂಡು ಹೋಗಿ, ಒಣ ಹಲಗೆ ಸಿಕ್ಕಿದ್ದೇ ತಡ, ಬುಗುರಿಯ ಹಾಗೆ ಗಿರ್ರನೆ ತಿರುಗಿ ಪಿನ್‌ಗಳತ್ತ ನುಗ್ಗುತ್ತದೆ. ಹುಡುಗನ ಚೆಂಡು ಗಟಾರದ ಅಂಚಿನವರೆಗೂ ಹೋಗಿ ಒಳಗೆ ತಿರುಗಿ ಬಂದಾಗ ಮಕ್ಕಳು ಕುಣಿದಾಡಿಬಿಟ್ಟರು!

ಹಾಗೆಂದು ಮೊದಲ ದಿನವೇ ತಿರುಗುವ ಚೆಂಡಿಗೆ ಆಸೆಪಡಬೇಡಿ. ಎಸೆತ ಹತ್ತಕ್ಕೆ ಎಂಟು ಸಲ ಒಂದೇ ಜಾಗಕ್ಕೆ ಬೀಳುವವರೆಗೆ ಪಾಲಿಯೆಸ್ಟರೇ ಗುರು. ಒಂಟಿಯಾಗಿ ಉಳಿದ ಪಿನ್ ಬೀಳಿಸಲು ಚಾಂಪಿಯನ್ನರೂ ಅದನ್ನೇ ಕೈಗೆತ್ತಿಕೊಳ್ಳುತ್ತಾರೆ.

ಜೆ.ಪಿ. ನಗರವೋ ಬನಶಂಕರಿಯೋ ಬಿಟಿಎಂ ಲೇಔಟೋ, ನೀವು ಎಲ್ಲಿಂದಲೇ ಬನ್ನಿ. ಮುಂದಿನ ಸಲ ಬಣ್ಣಕ್ಕೆ ಮರುಳಾಗಿ ಚೆಂಡು ಎತ್ತಬೇಡಿ. ಅಂಕಿ ನೋಡಿ, ಹೆಬ್ಬೆರಳು ಹಾಕಿ, ತೋಳು ಇಳಿಬಿಟ್ಟು ಎರಡು ಸಲ ತೂಗಿ. ಭುಜ ಎಳೆದರೆ ವಾಪಸ್ ಇಟ್ಟುಬಿಡಿ.